ಕೊಕ್ಕೆ ಬೀಳದ ವಿಂಚು

ಕಾಪು ಕಡಲ ತಡಿಯಲ್ಲಿ ನಮ್ಮ ದೋಣಿಯನ್ನು ದಡಕ್ಕೆ ಎಳೆಯಲು ವಿಂಚು ಬಂದದ್ದು ಎಂಬತ್ತರ ದಶಕದ ಸುರುವಿನಲ್ಲಿ. ಅದಕ್ಕೂ ಮೊದಲು, ಮಳೆಗಾಲ ಹಿಡಿಯುವ ಹೊತ್ತಿಗೆ ದೋಣಿಯನ್ನು ದಡದ ಮೇಲಕ್ಕೆ ಏರಿಸುವುದೆಂದರೆ ಬರೀ ಕೈಕೆಲಸ. ಒಬ್ಬ ಕೂಗು ಹಾಕಬೇಕು, ಉಳಿದವರು ಓಗೊಟ್ಟು ನೂಕಬೇಕು, ಕೂಗು ನಿಂತಾಗ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟು ಕೈ ಸಡಿಲ ಮಾಡಬೇಕು. ದಾರಿಯಲ್ಲಿ ಹೋಗುವವನೂ ಒಂದು ಕೈ ಕೊಡದೆ ಮುಂದೆ ಹೋಗುವಂತಿರಲಿಲ್ಲ. ಬ್ಯಾರಿ ಅಂಗಡಿಯವರು ಸಹ ಲುಂಗಿ ಎತ್ತಿ ಕಟ್ಟಿ ಇಳಿದು ಬರುತ್ತಿದ್ದರು. ಸುಮ್ಮನೆ ನೋಡುತ್ತ ನಿಂತವನನ್ನು ಮೀನಿನ ಬುಟ್ಟಿಯ ಹೆಂಗಸರು ಬಿಡುತ್ತಿರಲಿಲ್ಲ. "ನಿನ್ನ ಕೈಗೆ ಎಂತ ಆಗಿದೆ?" ಎಂದು ಕೇಳಿ ಮಾನ ತೆಗೆಯುತ್ತಿದ್ದರು.

ವಿಂಚನ್ನು ಸಿಮೆಂಟು ಕಟ್ಟೆಗೆ ಬೋಲ್ಟ್ ಹಾಕಿ ಕೂರಿಸಿದವನು ಉಡುಪಿಯ ಒಬ್ಬ ಮೆಕ್ಯಾನಿಕ್. ಹಿಡಿಕೆ ತಿರುಗಿಸಿದರೆ ತಂತಿಯ ಹಗ್ಗ ಸುತ್ತಿಕೊಳ್ಳುತ್ತದೆ, ಪಕ್ಕದ ಹಲ್ಲಿನ ಚಕ್ರಕ್ಕೆ ಒಂದು ಕಬ್ಬಿಣದ ಕೊಕ್ಕೆ ಟಕ್ ಟಕ್ ಎಂದು ಬೀಳುತ್ತದೆ. ಕೊಕ್ಕೆ ಬಿದ್ದಿದ್ದರೆ ಚಕ್ರ ಹಿಂದಕ್ಕೆ ತಿರುಗುವುದಿಲ್ಲ. "ಟಕ್ ಅಂತ ಕೇಳದೆ ಹಿಡಿಕೆ ಬಿಡಬೇಡಿ. ಹಗ್ಗದ ನೇರಕ್ಕೆ ನಿಲ್ಲಬೇಡಿ. ದೋಣಿಯನ್ನು ಯಾರೂ ಮುಟ್ಟಬೇಡಿ, ಅದರ ಹಿಂದೆ ಅಂತೂ ಹೋಗಲೇಬೇಡಿ" ಎಂದ. ಹಗ್ಗದ ಮಾತನ್ನು ಎಲ್ಲರೂ ಒಪ್ಪಿದರು. ಮುಟ್ಟಬೇಡಿ ಎಂದದ್ದು ಮಾತ್ರ ಯಾರಿಗೂ ಹಿಡಿಸಲಿಲ್ಲ. "ನಮ್ಮ ದೋಣಿ ಏರುವಾಗ ನಾವು ನೆಂಟರ ಹಾಗೆ ದೂರ ನಿಲ್ಲುವುದಾ ಮಾರಾಯ?" ಎಂದು ದೊಡ್ಡಪ್ಪ ನಕ್ಕರು.

ಹಾಗಾಗಿ ವಿಂಚೂ ಇತ್ತು, ಕೂಗೂ ಇತ್ತು, ದೋಣಿಯ ಸುತ್ತ ಕೈಗಳೂ ಇದ್ದವು. ನಾನು ಆಗ ಮಣಿಪಾಲದಲ್ಲಿ ಗುಮಾಸ್ತ. ರಜೆಯಲ್ಲಿ ಬಂದವನನ್ನು ಹಿಡಿಕೆಗೆ ನಿಲ್ಲಿಸಿದರು. "ಪೆನ್ನು ಹಿಡಿಯುವ ಕೈಗೆ ಇದೇ ಸರಿ" ಎಂದು ತಮಾಷೆ ಮಾಡಿದವರು ಭಾವ, ನನ್ನ ಅಕ್ಕನ ಗಂಡ. ಕಡಲಿನ ಕೆಲಸದಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿ ಇರಲಿಲ್ಲ.

ಆ ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತ್ತು, ಎಲ್ಲರಿಗೂ ಅವಸರ. ದೋಣಿ ಅರ್ಧ ಏರುವಷ್ಟರಲ್ಲಿ ಅಡಿಯಲ್ಲಿ ಉರುಳಲು ಇಟ್ಟಿದ್ದ ಮರದ ದಿಮ್ಮಿ ಓರೆಯಾಗಿ ಸಿಕ್ಕಿಕೊಂಡಿತು. ಭಾವ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತರು. "ಒಂದು ಬೆರಳಷ್ಟು ಸಡಿಲ ಬಿಡು, ನೆಟ್ಟಗೆ ಮಾಡುತ್ತೇನೆ" ಎಂದರು. ದೊಡ್ಡಪ್ಪ ಕೊಕ್ಕೆ ಎತ್ತಿ ಹಿಡಿದರು. ನಾನು ಮೆಲ್ಲ ಸಡಿಲ ಬಿಟ್ಟೆ. ಸಾಕು ಎಂದು ದೊಡ್ಡಪ್ಪ ಕೊಕ್ಕೆಯಿಂದ ಕೈ ತೆಗೆದರು.

ಟಕ್ ಎಂಬ ಸದ್ದು ಬರಲಿಲ್ಲ. ಕೊಕ್ಕೆ ತುಕ್ಕು ಹಿಡಿದು ಮೇಲೆಯೇ ನಿಂತುಬಿಟ್ಟಿತ್ತು. ದೊಡ್ಡಪ್ಪ ಕೈಯಲ್ಲಿ ಒತ್ತಿದರು, ಆಮೇಲೆ ಕಲ್ಲು ಹುಡುಕಿದರು. ದೋಣಿಯ ಭಾರವೆಲ್ಲ ನನ್ನ ಅಂಗೈಗೆ ಬಂದಿತ್ತು. ಹಿಡಿಕೆಗೆ ಎದೆ ಒತ್ತಿ ಹಿಡಿದುಕೊಂಡೆ. ಮೇಲೆ ತಿರುಗಿಸಲು ಶಕ್ತಿ ಇಲ್ಲ, ಬಿಡುವ ಹಾಗಿಲ್ಲ. "ಭಾವ, ಹೊರಗೆ ಬನ್ನಿ" ಎಂದು ಗಂಟಲು ಹರಿಯುವಂತೆ ಕೂಗಿದೆ. ಕಡಲಿನ ಅಬ್ಬರದಲ್ಲಿ ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿತು.

ದೋಣಿ ಜಾರುವುದು ಕೈಗೆ ತಿಳಿದು, ಸುತ್ತ ನಿಂತವರು ತಾವಾಗಿಯೇ ಕೂಗು ಹಾಕಿ ನೂಕಿದರು. ಹಿಡಿಕೆ ಹಗುರವಾಯಿತು. ದೇವರೇ, ಬದುಕಿದೆವು ಅಂದುಕೊಂಡೆ. ಆದರೆ ಕೂಗು ನಿಂತಿತು. ನಿಂತಾಗ ಅವರೆಲ್ಲ ಅಪ್ಪ ಅಜ್ಜಂದಿರು ಮಾಡಿದಂತೆಯೇ ಒಟ್ಟಿಗೆ ಉಸಿರು ಬಿಟ್ಟು ಕೈ ಸಡಿಲ ಮಾಡಿದರು. ಬರೀ ಮರಳಾಗಿದ್ದರೆ ದೋಣಿ ಅಲ್ಲೇ ಕೂರುತ್ತಿತ್ತು. ದಿಮ್ಮಿಯ ಮೇಲೆ ಕೂರಲಿಲ್ಲ. ಹಿಡಿಕೆ ನನ್ನ ಕೈಯಿಂದ ಕಿತ್ತುಕೊಂಡು ಗಿರಗಿರನೆ ತಿರುಗಿತು. ಮೊಣಕೈಯ ಕೆಳಗೆ ಎಲುಬು ಮುರಿದದ್ದು ನನಗೆ ಗೊತ್ತಾದದ್ದು ಬಹಳ ಹೊತ್ತಿನ ಮೇಲೆ. ನಾನು ನೋಡುತ್ತಿದ್ದದ್ದು ದೋಣಿಯ ಹಿಂಭಾಗವನ್ನು. ಅಲ್ಲಿ ಎಲ್ಲರೂ ಬಗ್ಗಿದ್ದರು.

ಭಾವನನ್ನು ಟ್ಯಾಕ್ಸಿಯಲ್ಲಿ ಮಣಿಪಾಲದ ಆಸ್ಪತ್ರೆಗೆ ಕೊಂಡುಹೋದೆವು. ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ನನಗೆ ಸಿಟ್ಟು ತಡೆಯಲು ಆಗುತ್ತಿರಲಿಲ್ಲ. ವಿಂಚಿಗೆ ಬೈದೆ, ತುಕ್ಕಿಗೆ ಬೈದೆ, ನೋಡಲು ಬಂದ ದೊಡ್ಡಪ್ಪನ ಹತ್ತಿರ ಮುಖ ಕೊಟ್ಟು ಮಾತನಾಡಲಿಲ್ಲ. ಅವರು ಮುದುಕರು, ಬಾಗಿಲ ಹತ್ತಿರವೇ ನಿಂತು ಹೋದರು. ಯಾರಿಗೆ ಬೈದರೂ ಮಂಚದ ಮೇಲಿನ ಹೊದಿಕೆ ಒಂದು ಕಡೆ ಚಪ್ಪಟೆಯಾಗಿಯೇ ಇತ್ತು.

ಭಾವ ಸರಿಯಾಗಿ ಮಾತನಾಡುವಂತಾದ ದಿನ, ಪ್ಲಾಸ್ಟರಿನ ಕೈ ಕೊರಳಿಗೆ ಕಟ್ಟಿಕೊಂಡು ಹತ್ತಿರ ಕೂತೆ. ಕೇಳದೆ ಇರಲು ಆಗಲಿಲ್ಲ.

"ಅಷ್ಟು ಕೂಗಿದೆನಲ್ಲ ಭಾವ, ನಿಮಗೆ ಕೇಳಲಿಲ್ಲವಾ?"

"ಕೇಳಿತು" ಎಂದರು. ಅವರ ಸ್ವರದಲ್ಲಿ ಒಂದಿಷ್ಟೂ ಕೋಪ ಇರಲಿಲ್ಲ. "ಹಿಡಿಕೆಯಲ್ಲಿ ನೀನಿದ್ದೆ ಅಲ್ವಾ, ಹಾಗಾಗಿ ಅವಸರ ಮಾಡಲಿಲ್ಲ."

ಬದಿಯಲ್ಲಿ ಕೂತಿದ್ದ ಅಕ್ಕ ನನ್ನ ಮುಖ ನೋಡಿದಳು.