ಹುಳಿಮಾವಿನ ನಾಯಿಕಲ್ಲು

ಮಕ್ಕಳೇ, ಹುಳಿಮಾವು ಕೆರೆಯ ಹತ್ತಿರ ರಸ್ತೆಬದಿಯಲ್ಲಿ ನಾಯಿಯೊಂದರ ನೆನಪಿನ ಕಲ್ಲಿದೆ. ಬಹಳ ಹಿಂದೆ ಆ ನಾಯಿ, ಮಲಗಿದ್ದ ಮಗುವೊಂದನ್ನು ಚಿರತೆಯಿಂದ ಉಳಿಸಿ ಸತ್ತಿತಂತೆ. ಇವತ್ತು ಆ ಮಗುವಿನ ಮನೆತನದ ಜಯಮ್ಮ ಅಲ್ಲಿ ಮುದ್ದೆಯ ಎಡೆಯಿಟ್ಟು ಕೈಮುಗಿಯುತ್ತಿದ್ದರು. ಮರಿಗಳಿಗೆ ಹಾಲೂಡುವ ಬೀದಿನಾಯಿಯೊಂದು ಅದಕ್ಕೆ ಬಾಯಿ ಹಾಕಲು ಬಂತು. ಎಡೆ ಮೈಲಿಗೆಯಾದೀತೆಂದು ನಾನು “ಹಚಾ!” ಎಂದು ಅಟ್ಟಿದೆ. ಅದು ಬಸ್ಸುಗಳ ನಡುವೆ ನುಗ್ಗಿ ರಸ್ತೆಯಾಚೆ ನಿಂತಿತು.

“ಅಯ್ಯೋ ಅಕ್ಕ, ಎಡೆ ಇಟ್ಟಿದ್ದೇ ಅದಕ್ಕೆ! ನಾಯಿ ತಿನ್ನೋ ತನಕ ನಮ್ಮನೇಲಿ ಯಾರೂ ಉಣ್ಣಲ್ಲ. ನೀವೇ ಓಡ್ಸಿದ್ದು, ನೀವೇ ಕರೀರಿ,” ಎಂದರು ಜಯಮ್ಮ.

ಬೀದಿಯಲ್ಲಿ ದನಿಯೆತ್ತಿದವಳಲ್ಲ ನಾನು. “ಕುರೋ, ಕುರೋ” ಎಂದು ಮೆಲ್ಲಗೆ ಕರೆದೆ.

“ನಾಯಿಗೆ ಗುಟ್ಟು ಹೇಳ್ತಿದ್ದೀರಾ?”

ಸೆರಗು ಬಿಗಿದು, ಹೊಲದಾಚೆ ಇರುವವರನ್ನು ಕರೆಯುವ ಹಾಗೆ ಕೂಗಿದೆ. ಬೈಕಿನವರೆಲ್ಲ ತಿರುಗಿ ನೋಡಿದರು. ನಾಯಿಯೂ ನೋಡಿತು; ಬಸ್ಸು ಹೋಗಲೆಂದು ಕಾದು, ಬಾಲ ಆಡಿಸುತ್ತ ದಾಟಿ ಬಂತು.