ಶಂಖದ ಕಾರ್ಪೆಟ್

ನನ್ನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವರು ಮೈಸೂರಿನ ದೊಡ್ಡಮ್ಮ. ನನಗೆ ಬರುವ ಕನ್ನಡವೂ ಅವರದೇ. ಹೋದ ವರ್ಷ ಮೂರು ವಾರಕ್ಕೆಂದು ವಿದೇಶದಲ್ಲಿ, ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿರುವ ನಮ್ಮ ಮನೆಗೆ ಬಂದರು. ಮಂಡಿನೋವು ಎಷ್ಟಿತ್ತೆಂದರೆ, ಇನ್ನೊಂದು ಸಲ ವಿಮಾನ ಹತ್ತುವ ಮಾತೇ ಇರಲಿಲ್ಲ. ನನ್ನ ಕೆಲಸವನ್ನು ಅವರಿಗೆ ತೋರಿಸುವುದಿದ್ದರೆ ಆಗಲೇ ತೋರಿಸಬೇಕಿತ್ತು. ನೆಂಟರು ಕೇಳಿದರೆ "ಅದೇನೋ ಚಿತ್ರ ಬರೀತಾಳೆ" ಅಂದು ಮಾತು ಮುಗಿಸುತ್ತಿದ್ದರಂತೆ.

ಅದೇ ಊರಿನ ಕಾಕಿ ಬುಕಿತ್ ಎಂಬಲ್ಲಿ ಒಂದು ವರ್ಕ್‌ಶಾಪಿನಲ್ಲಿ ಹೋಟೆಲುಗಳ ಒಳಾಲಂಕಾರಕ್ಕೆ ನಕ್ಷೆ ಬರೆಯುವುದು ನನ್ನ ಕೆಲಸ. ಸಮುದ್ರದ ದಡದ ಒಂದು ಕ್ಯಾಸಿನೊ ಹೋಟೆಲಿಗೆ ಎರಡು ವರ್ಷ ದುಡಿದಿದ್ದೆ. ಒಳಗೆ ಬಂದವರಿಗೆ ಕಡಲ ತಳಕ್ಕೆ ಇಳಿದಂತೆ ಅನ್ನಿಸಬೇಕು ಎಂಬುದು ಮಾಲೀಕರ ಆಸೆ. ಫೈಬರ್‌ಗ್ಲಾಸಿನ ಹವಳದ ಕಂಬಗಳು, ನೀರಿನಡಿಯಿಂದ ಕಂಡಂತೆ ಛಾವಣಿಯ ತುಂಬ ಒಂದು ಹಡಗಿನ ಹೊಟ್ಟೆ, ಗೋಡೆಯ ಮೇಲೆ ಅಲೆಯಾಡುವ ನೀಲಿ ಬೆಳಕು. ಕಾರ್ಪೆಟ್ಟಿನ ನಕ್ಷೆ ಪೂರ್ತಿ ನನ್ನದು. ಕಡುನೀಲಿಯ ಮೇಲೆ ಸಾಲು ಸಾಲು ಬಿಳಿ ಶಂಖ.

ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋದೆ. ಬಾಗಿಲ ಬಳಿಯ ಅಮೃತಶಿಲೆ ಮುಗಿದು ಕಾರ್ಪೆಟ್ ಶುರುವಾಗುವಲ್ಲಿ ದೊಡ್ಡಮ್ಮ ನಿಂತುಬಿಟ್ಟರು. ಚಪ್ಪಲಿ ಆಗಲೇ ಕೈಗೆ ಬಂದಿತ್ತು.

"ಬಾ ದೊಡ್ಡಮ್ಮ, ಎಲ್ಲ ಒಳಗಿದೆ."

"ಶಂಖ ಕಣೇ ಇದು. ಹೇಗೆ ತುಳಿಯೋದು?"

ಬಾಗಿಲಲ್ಲಿದ್ದ ಹುಡುಗಿ ನಕ್ಕು, ಅಲ್ಲಿಯವರ ಇಂಗ್ಲಿಷಿನಲ್ಲಿ ಅಂದಳು. "ಆಂಟಿ, ಶೂಸ್ ಓಕೆ ಲಾ. ಕಮ್ ಇನ್."

"ಬರೀ ಕಡಲ ಚಿಪ್ಪು ಅಂದ್ಕೋ," ಅಂದೆ ನಾನು.

"ಊದೋಕೆ ತುದಿ ಕೊಯ್ದಿದೀಯಲ್ಲ. ಚಿಪ್ಪಿಗೆ ಯಾರೇ ಹಾಗೆ ಕೊಯ್ತಾರೆ?"

ಮಾದರಿಗೆಂದು ಕಂಪ್ಯೂಟರಿನಲ್ಲಿ ನೂರು ಚಿಪ್ಪುಗಳ ಚಿತ್ರ ನೋಡಿದ್ದರೂ ಕೈ ಬರೆದದ್ದು ಅವರ ದೇವರ ಗೂಡಿನ ಶಂಖವನ್ನೇ. ಬರೆಯುವಾಗ ಅದು ಕಾಗದದ ಮೇಲೆ, ಕಣ್ಣೆದುರಿಗಿತ್ತು. ಕಾಲಡಿಗೆ ಹೋಗುವಂಥದ್ದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

"ದಿನಾ ಎಷ್ಟು ಜನ ಓಡಾಡ್ತಾರೆ ಇಲ್ಲಿ?"

"ಸಾವಿರಗಟ್ಟಲೆ."

"ಅವರಿಗೆ ಗೊತ್ತಿಲ್ಲ, ಬಿಡು," ಅಂದರು. ಉಳಿದರ್ಧ ಹೇಳಲಿಲ್ಲ.

ಕಾರ್ಪೆಟ್ಟಿನಾಚೆ, ಅಮೃತಶಿಲೆಯ ಅಂಚಿನಲ್ಲಿದ್ದ ಬೆಂಚಿನ ಮೇಲೆ ಕೂತೆವು. ಫೋನಿನಲ್ಲಿ ಫೋಟೊ ತೋರಿಸಹೋದರೆ, ಅಷ್ಟು ಸಣ್ಣದು ತನ್ನ ಕಣ್ಣಿಗೆ ಹತ್ತುವುದಿಲ್ಲ, ಬಾಯಲ್ಲಿ ಹೇಳು ಎಂದರು. ಹೇಳಿದೆ. ನನ್ನ ಕೆಲಸದ ಬಗ್ಗೆ ಅಷ್ಟು ಹೊತ್ತು ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

"ಹಡಗು ನಿಜವಾದ ಮರದ್ದಾ?"

"ಒಳಗೆ ಕಬ್ಬಿಣ, ಮೇಲೆ ಪ್ಲೈವುಡ್. ಬಣ್ಣ ಬಳಿದು, ಉಜ್ಜಿ ಉಜ್ಜಿ ಹಳೇದು ಮಾಡಿದ್ವಿ."

"ಹೊಸದನ್ನ ಹಳೇದು ಮಾಡೋಕೂ ಸಂಬಳ ಕೊಡ್ತಾರಾ?"

ನಗು ಬರಬೇಕಿತ್ತು. ಬರಲಿಲ್ಲ. ಗೋಡೆಯ ಬೆಳಕು ಹೇಗೆ ಅಲುಗುತ್ತದೆ ಎಂದು ಕೇಳಿದರು, ಕಂಬಕ್ಕೆ ಯಾವ ಬಣ್ಣ ಎಂದು ಕೇಳಿದರು. ಕಾರ್ಪೆಟ್ಟಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಚಪ್ಪಲಿ ಮೆಟ್ಟಿ ಹಾಗೇ ಹಿಂದಿರುಗಿದೆವು.

ಮರುದಿನ ಸಂಜೆ ಬಿಶಾನ್ ಬಡಾವಣೆಯಲ್ಲಿ ನನ್ನ ಸ್ನೇಹಿತೆಯ ಮನೆಯಲ್ಲಿ ಊಟ. ಬೆಂಗಳೂರು, ಮೈಸೂರು ಕಡೆಯ ನಾಲ್ಕೈದು ಮನೆಯವರು ಸೇರಿದ್ದರು. ಏನೇನು ನೋಡಿದಿರಿ ಆಂಟಿ ಎಂದು ಯಾರೋ ಕೇಳಿದ್ದೇ ತಡ, ದೊಡ್ಡಮ್ಮ ಶುರು ಮಾಡಿದರು. ಹವಳದ ಕಂಬ, ಹಡಗಿನ ಹೊಟ್ಟೆ, ಅಲುಗುವ ಬೆಳಕು, ಒಂದನ್ನೂ ಬಿಡಲಿಲ್ಲ.

"ಒಳಗೆ ಹೋದ್ರೆ ನೀರಲ್ಲಿ ನಿಂತ ಹಾಗೇ ಆಗುತ್ತೆ ಕಣ್ರಮ್ಮ. ಎಲ್ಲಾ ಇವಳು ಬರೆದಿದ್ದು."

"ಮತ್ತೆ ನೆಲ ಹೇಗ್ ಮಾಡಿದಾರೆ ಆಂಟಿ? ಮರಳಾ?" ಎಂದು ಸ್ನೇಹಿತೆ ಕೇಳಿದಳು.

"ನೆಲ ಯಾರು ನೋಡಿದ್ರು? ಮೇಲೆ ನೋಡೋದೇ ಅಷ್ಟಿತ್ತು," ಅಂದು ದೊಡ್ಡಮ್ಮ ಅನ್ನಕ್ಕೆ ಸಾರು ಕಲೆಸತೊಡಗಿದರು.

ಅವರು ಸುಳ್ಳಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.