ಚಂದ್ರನ ಮೇಲಿನ ಸಾಲು

ಹುಮನಾಬಾದಿನಿಂದ ಬಸವಕಲ್ಯಾಣದ ಶಾಲೆಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಪ್ರಾರ್ಥನೆಗೆ ಮುಂಚೆ ಹಲಗೆಯ ಮೇಲೆ ‘ದಿನವಿಶೇಷ’ ಬರೆಯುವ ಕೆಲಸ ನನ್ನದು. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡದಷ್ಟು ಜಂಬವೂ ಇತ್ತು. ಅಮೆರಿಕ ಸ್ವತಂತ್ರವಾದ ದಿನ, ಪ್ಯಾರಿಸ್ಸಿನ ಜನ ಸೆರೆಮನೆಗೆ ನುಗ್ಗಿದ ದಿನ, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿ.

ಇಷ್ಟೆಲ್ಲ ಬಲ್ಲ ನಾನು, ಶಾಲೆಗೆ ಹೆಸರು ಹಚ್ಚಲು ಬಂದ ಮಕ್ಕಳಿಗೆಲ್ಲ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ವಯಸ್ಸು ಸರಿಹೊಂದಿದರೆ ಮುಗಿಯಿತು. ಎಲ್ಲ ಕಡೆಯೂ ಅದೇ ರೂಢಿ. ನನ್ನ ದಾಖಲೆಯಲ್ಲಿಯೂ ಜೂನ್ ಒಂದೇ.

ಸಾವಿರದ ಒಂಬೈನೂರ ಎಪ್ಪತ್ತೇಳರ ಜುಲೈ ಇಪ್ಪತ್ತೊಂದರಂದು ‘ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನ’ ಎಂದು ಬರೆದೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಹತ್ತಿರದ ಮೋರಖಂಡಿ ಹಳ್ಳಿಯ ಕೂಲಿಯವರ ಮಗಳು.

“ಟೀಚರ್, ನಾನೂ ಇವತ್ತ ಹುಟ್ಟೀನ್ರಿ. ನಂದೂ ಬರೀರಿ.”

ನಿನ್ನದು ಜೂನ್ ಒಂದು, ಸುಮ್ಮನೆ ಕೂಡು ಎಂದು ನಕ್ಕೆ. ತರಗತಿಯೆಲ್ಲ ನಕ್ಕಿತು. ಅವಳು ಕೂತಳು, ಮಧ್ಯಾಹ್ನದ ರೊಟ್ಟಿ ಮುಟ್ಟಲಿಲ್ಲ.

ಸಂಜೆ ಕರೆದೊಯ್ಯಲು ಬಂದ ತಾಯಿಗೆ ಇದನ್ನೇ ಹೇಳಿದೆ. ಆಕೆ ಸಿಟ್ಟಾಗಲಿಲ್ಲ.

“ಚಂದ್ರನ ಮ್ಯಾಗ ಮಂದಿ ಇಳದಾರ ಅಂತ ಪಂಚಾಯತಿ ರೇಡಿಯೋ ಒದರಾಕತ್ತಿತ್ರಿ, ಆವಾಗ ಹುಟ್ಟ್ಯಾಳ. ಹೆಸರ ಹಚ್ಚೋವಾಗ ನಿಮಗ ಹೇಳೀನಲ್ರಿ.”

ಹೌದು, ಹೇಳಿದ್ದಳು. ನನಗೂ ನೆನಪಾಯಿತು. ಕೇಳುತ್ತಲೇ ಜೂನ್ ಒಂದು ಎಂದು ಗೀಚಿದ್ದೆ.

ರಿಜಿಸ್ಟರ್ ತಿದ್ದುವುದು ನನ್ನ ಕೈಲಿರಲಿಲ್ಲ, ಹಲಗೆ ಇತ್ತು. ಸೀಮೆಸುಣ್ಣ ತೆಗೆದುಕೊಂಡು ಚಂದ್ರನ ಸಾಲಿಗಿಂತ ಮೇಲೆ, ದಪ್ಪ ಅಕ್ಷರಗಳಲ್ಲಿ ಹುಡುಗಿಯ ಹೆಸರು ಬರೆದು ‘ಹುಟ್ಟಿದ ದಿನ’ ಎಂದು ಸೇರಿಸಿದೆ. ಓದಲು ಬಾರದ ತಾಯಿ ಮಗಳದು ಯಾವುದೆಂದು ಕೇಳಿದಳು. ಹುಡುಗಿಯೇ ಓಡಿಹೋಗಿ ತನ್ನದನ್ನೂ ಕೆಳಗಿನ ಚಂದ್ರನ ಸಾಲನ್ನೂ ಬೆರಳಿಟ್ಟು ತೋರಿಸಿದಳು.

“ಹಂಗಾರ ಚಂದ್ರ ಇಕಿ ಕೆಳಗ ಬಂದ” ಎಂದು ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಎಷ್ಟು ಚೆಂದದ ನಗು ಅದು. ಆ ನಗುವಿನಲ್ಲೇ ನನ್ನ ಕಡೆ ತಿರುಗಿ ಅಕ್ಕರೆಯಿಂದ ಕೇಳಿದಳು: “ನಿಮ್ಮದು ಯಾವತ್ತರಿ?”

ದೇಶದೇಶಗಳ ದಿನ ಬರೆದ ನನಗೆ ನಾನು ಹುಟ್ಟಿದ ದಿನ ಗೊತ್ತಿರಲಿಲ್ಲ. ಅದನ್ನು ಬಲ್ಲವಳು ನನ್ನವ್ವ ಒಬ್ಬಳೇ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು, ನಾನು ಒಮ್ಮೆಯೂ ಕೇಳಿರಲಿಲ್ಲ.